ಎರಡು ಕೈ, ಒಂದು ನೋಟ

ಕೈಗೆ ಸಂಬಂಧಿಸಿದ ಚಿಕಿತ್ಸೆಯಲ್ಲಿ ಉತ್ತರ ಚೆನ್ನೈನ ಸ್ಟಾನ್ಲಿ ಆಸ್ಪತ್ರೆಗೆ ದೇಶದಲ್ಲೇ ದೊಡ್ಡ ಹೆಸರಿದೆ. ಬಂದರು, ವರ್ಕ್‌ಶಾಪು, ಅಚ್ಚುಕೂಟಗಳ ಆ ಭಾಗದಲ್ಲಿ ಯಂತ್ರಕ್ಕೆ ಬೆರಳು ಸಿಕ್ಕವರು, ಅಂಗೈ ಜಜ್ಜಿಹೋದವರು ಓಡಿಬರುವುದು ಅಲ್ಲಿಗೆ. ಡಾ. ಆರ್. ವೆಂಕಟಸ್ವಾಮಿ ಅವರು ಅಲ್ಲಿ ಕಟ್ಟಿ ಬೆಳೆಸಿದ ಕೈ ಶಸ್ತ್ರಚಿಕಿತ್ಸಾ ವಿಭಾಗವೇ ಮುಂದೆ ಕೈಗೆಂದೇ ಮೀಸಲಾದ ಸಂಶೋಧನೆ ಮತ್ತು ಪುನರ್ವಸತಿ ಸಂಸ್ಥೆಯಾಯಿತು. ತುಂಡಾದ ಸ್ನಾಯುರಜ್ಜು, ನರ, ರಕ್ತನಾಳಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುವ ಕೆಲಸ ಅಲ್ಲಿನದು.

ಅದೇ ಸ್ಟಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಓದಿ, ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೆಲೆಸಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈಯ ಬಗ್ಗೆ ಇನ್ನೊಂದು ಬಗೆಯ ಕೆಲಸ ಮಾಡಿದರು. ಅವರ ಬಳಿ ಬಂದವರಿಗೆ ಜೋಡಿಸಲು ಕೈಯೇ ಉಳಿದಿರಲಿಲ್ಲ. ಅವರು ಬಳಸಿದ್ದು ಒಂದು ರಟ್ಟಿನ ಪೆಟ್ಟಿಗೆ, ಒಂದು ಕನ್ನಡಿ, ಅಷ್ಟೆ. ಎರಡು ಕೈಗಳ ಹೊಂದಾಣಿಕೆಯಲ್ಲಿ ಕಣ್ಣಿನ ಪಾಲು ಎಷ್ಟೆಂಬುದನ್ನು ಆ ಪೆಟ್ಟಿಗೆಯಷ್ಟು ಸರಳವಾಗಿ ತೋರಿಸಿಕೊಟ್ಟ ಸಾಧನ ಇನ್ನೊಂದಿಲ್ಲ.

ಕೈ ಅಥವಾ ಕಾಲು ಕತ್ತರಿಸಿಹೋದವರಲ್ಲಿ ಬಹುತೇಕರಿಗೆ ಆ ಅಂಗ ಇನ್ನೂ ಇದೆ ಎಂಬ ಅನುಭವ ಹೋಗುವುದಿಲ್ಲ. ಇಲ್ಲದ ಬೆರಳು ತುರಿಸುತ್ತದೆ, ಇಲ್ಲದ ಮುಷ್ಟಿ ಬಿಗಿದುಕೊಳ್ಳುತ್ತದೆ, ಉಗುರು ಅಂಗೈಗೆ ಚುಚ್ಚಿದ ಹಾಗೆ ನೋಯುತ್ತದೆ. ಬಿಡಿಸೋಣವೆಂದರೆ ಮುಷ್ಟಿ ಎಲ್ಲಿದೆ? ಈ ಮಾಯದ ಕೈ ಕೆಲವರಲ್ಲಿ ಇಷ್ಟದಂತೆ ಅಲ್ಲಾಡುತ್ತದೆ, ಕೆಲವರಲ್ಲಿ ಸಿಮೆಂಟಿನಲ್ಲಿ ಹೂತಿಟ್ಟ ಹಾಗೆ ಮರಗಟ್ಟಿರುತ್ತದೆ. ರಾಮಚಂದ್ರನ್ ಪೆಟ್ಟಿಗೆಯ ಮೇಲ್ಭಾಗ ತೆಗೆದು, ನಡುವೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿದರು. ರೋಗಿ ತನ್ನ ಒಳ್ಳೆಯ ಕೈಯನ್ನು ಕನ್ನಡಿಯ ಮುಂಭಾಗಕ್ಕೆ ತೂರಿಸಬೇಕು, ಮಾಯದ ಕೈಯನ್ನು ಹಿಂಭಾಗಕ್ಕೆ 'ತೂರಿಸಿದಂತೆ' ಭಾವಿಸಬೇಕು. ಸ್ವಲ್ಪ ಬಾಗಿ ಕನ್ನಡಿ ನೋಡಿದರೆ, ಹೋದ ಕೈ ಹೋದ ಜಾಗದಲ್ಲೇ ಕಾಣುತ್ತದೆ. ಈಗ ಎರಡೂ ಕೈಗಳನ್ನು ಒಟ್ಟಿಗೆ ತೆರೆದು ಮುಚ್ಚುವ ಯತ್ನ ಮಾಡಬೇಕು.

ಬೈಕ್ ಅಪಘಾತದಲ್ಲಿ ತೋಳಿನ ನರಗಳು ಬೇರುಸಹಿತ ಕಿತ್ತುಬಂದು, ಕೊನೆಗೆ ತೋಳನ್ನೇ ತೆಗೆಸಿಕೊಂಡಿದ್ದ ಒಬ್ಬ ರೋಗಿಯ ಬಗ್ಗೆ ರಾಮಚಂದ್ರನ್ ವಿವರವಾಗಿ ಬರೆದಿದ್ದಾರೆ. ಅವರ ಮಾಯದ ತೋಳು ಹತ್ತು ವರ್ಷಗಳಿಂದ ಅಲುಗಿರಲಿಲ್ಲ. ಕನ್ನಡಿ ನೋಡುತ್ತ ಎರಡೂ ಕೈ ಆಡಿಸಿದ ಗಳಿಗೆಯಲ್ಲೇ ಅದು ಅಲುಗಿತು. ಮೊಣಕೈ, ಮಣಿಕಟ್ಟು ಎಲ್ಲವೂ ಆಡುತ್ತಿವೆ ಎಂದು ಅವರು ಸಂತೋಷದಿಂದ ಕೂಗಿಕೊಂಡರು. ಕಣ್ಣು ಮುಚ್ಚಿ ಅದನ್ನೇ ಮಾಡಿ ಎಂದಾಗ ತೋಳು ಮತ್ತೆ ಮರಗಟ್ಟಿತು. ಕಣ್ಣು ಬಿಟ್ಟರೆ ಮತ್ತೆ ಆಟ. ನನ್ನನ್ನು ಈ ಪ್ರಸಂಗದಲ್ಲಿ ಹಿಡಿದು ನಿಲ್ಲಿಸುವುದು ಕಣ್ಣು ಮುಚ್ಚಿದ ಆ ಕ್ಷಣ. ಮೆದುಳಿನಿಂದ ಹೊರಟ ಆಜ್ಞೆ ಎರಡೂ ಸಲ ಒಂದೇ ಆಗಿತ್ತು, ಒಳ್ಳೆಯ ಕೈ ಎರಡೂ ಸಲ ಒಂದೇ ರೀತಿ ಆಡಿತ್ತು. ಬದಲಾದದ್ದು ಕಣ್ಣಿಗೆ ಮರಳಿ ಬಂದ ಸುದ್ದಿ ಮಾತ್ರ.

2007ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ ಕಾಲು ಕಳೆದುಕೊಂಡವರ ಮೇಲೆ ನಡೆದ ಒಂದು ಚಿಕ್ಕ ಅಧ್ಯಯನ ಇದನ್ನೇ ಇನ್ನಷ್ಟು ಬಿಗಿಯಾಗಿ ಪರೀಕ್ಷಿಸಿತು. ಒಂದು ಗುಂಪಿನವರು ಕನ್ನಡಿ ನೋಡುತ್ತ ಕಾಲು ಆಡಿಸಿದರು. ಎರಡನೆಯ ಗುಂಪಿನವರಿಗೂ ಅದೇ ಕನ್ನಡಿ, ಅದೇ ವ್ಯಾಯಾಮ, ಆದರೆ ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಮೂರನೆಯ ಗುಂಪಿನವರು ಕಣ್ಣು ಮುಚ್ಚಿ ಕಲ್ಪಿಸಿಕೊಂಡರು. ನಾಲ್ಕು ವಾರಗಳ ನಂತರ ಕನ್ನಡಿ ನೋಡಿದ 6 ಮಂದಿಗೂ ನೋವು ಇಳಿದಿತ್ತು. ಮುಚ್ಚಿದ ಕನ್ನಡಿಯ ಗುಂಪಿನಲ್ಲಿ ಇಳಿದದ್ದು ಒಬ್ಬರಿಗೆ. ಆಮೇಲಿನ ವರ್ಷಗಳಲ್ಲಿ ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟ ಫಲ ಕೊಟ್ಟಿಲ್ಲ. ಕೆಲವರ ನೋವಿಗೆ ಕನ್ನಡಿ ಏನೂ ಮಾಡುವುದಿಲ್ಲ. ಆದರೂ ಆ ಬಟ್ಟೆ ಮುಚ್ಚಿದ ಕನ್ನಡಿ ಮರೆಯುವಂಥದ್ದಲ್ಲ.

ಕಣ್ಣಿಗೆ ಇಷ್ಟು ಅಧಿಕಾರ ಬಂದದ್ದು ಹೇಗೆ? ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ, ಮೊಣಕೈ ಎಷ್ಟು ಮಡಿಸಿದೆ ಎಂಬುದು ನಮಗೆ ಗೊತ್ತಿರುತ್ತದೆ. ಸ್ನಾಯು, ಕೀಲುಗಳಲ್ಲಿರುವ ನರತುದಿಗಳು ಆ ಸುದ್ದಿಯನ್ನು ಎಡೆಬಿಡದೆ ಮೆದುಳಿಗೆ ಕಳಿಸುತ್ತಲೇ ಇರುತ್ತವೆ. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬವರಿಗೆ 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಕಾಯಿಲೆಯ ನಂತರ ಕುತ್ತಿಗೆಯಿಂದ ಕೆಳಗೆ ಈ ಸುದ್ದಿ ಬರುವುದೇ ನಿಂತುಹೋಯಿತು. ಸ್ನಾಯುಗಳಿಗೆ ಶಕ್ತಿಯಿತ್ತು, ಆದರೆ ಕೈಕಾಲು ಎಲ್ಲಿವೆಯೆಂದೇ ತಿಳಿಯುತ್ತಿರಲಿಲ್ಲ. ಅವರು ಪ್ರತಿಯೊಂದು ಚಲನೆಯನ್ನೂ ಕಣ್ಣಿನಿಂದಲೇ ನೋಡಿ ನೋಡಿ ಕಲಿತು, ಎದ್ದು ನಡೆದು, ಉದ್ಯೋಗ ಮಾಡಿ ಬದುಕಿದರು. ದೀಪ ಹೋದರೆ ನಿಂತಲ್ಲೇ ಕುಸಿಯುತ್ತಿದ್ದರು. ಅವರ ಬಗ್ಗೆ ವೈದ್ಯ ಜೊನಾಥನ್ ಕೋಲ್ 1991ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೈಯ ಒಳಸುದ್ದಿ ಪೂರ್ತಿ ನಿಂತಾಗಲೂ ಕಣ್ಣೊಂದೇ ಇಡೀ ದೇಹವನ್ನು ನಡೆಸಬಲ್ಲದು ಎನ್ನುವುದಕ್ಕೆ ವಾಟರ್‌ಮನ್ ಸಾಕ್ಷಿ. ಎಷ್ಟು ಶ್ರಮದಿಂದ ಎನ್ನುವುದಕ್ಕೂ ಅವರೇ ಸಾಕ್ಷಿ.

ಕೈ ಎರಡೂ ಗಟ್ಟಿಯಾಗಿರುವ ನಮ್ಮ ನಿಮ್ಮಲ್ಲಿ ಈ ಅಧಿಕಾರ ಸುಲಭವಾಗಿ ಕಾಣುವುದಿಲ್ಲ. ಕಾಣಬೇಕಾದರೆ ಕೈಗಳನ್ನು ಕಷ್ಟಕ್ಕೆ ಸಿಕ್ಕಿಸಬೇಕು. ಎರಡೂ ತೋರುಬೆರಳು ಮುಂದೆ ಚಾಚಿ, ಬಸ್ಸಿನ ವೈಪರ್‌ಗಳ ಹಾಗೆ ಎರಡನ್ನೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಆಡಿಸಿ. ನಿಧಾನವಾಗಿ ಆಡಿಸುವಾಗ ತೊಂದರೆಯಿಲ್ಲ. ವೇಗ ಹೆಚ್ಚಿಸುತ್ತ ಹೋಗಿ. ಒಂದು ಹಂತದಲ್ಲಿ, ನೀವು ಬೇಡವೆಂದರೂ, ಬೆರಳುಗಳು ತಾವಾಗಿಯೇ ಬೇರೆ ಆಟಕ್ಕೆ ಜಾರುತ್ತವೆ: ಎರಡೂ ಒಳಗೆ, ಎರಡೂ ಹೊರಗೆ. ಸಂಶೋಧಕ ಸ್ಕಾಟ್ ಕೆಲ್ಸೊ 1980ರ ದಶಕದ ಮೊದಲಲ್ಲಿ ಇದನ್ನು ಅಳೆದು ದಾಖಲಿಸಿದರು. ಲೇಸರ್ ಬೆಳಕಿನ ಸಿದ್ಧಾಂತದಲ್ಲಿ ಹೆಸರು ಮಾಡಿದ್ದ ಜರ್ಮನಿಯ ಭೌತವಿಜ್ಞಾನಿ ಹರ್ಮನ್ ಹಾಕನ್ ಜೊತೆ ಸೇರಿ 1985ರಲ್ಲಿ ಇದಕ್ಕೊಂದು ಗಣಿತದ ಸಮೀಕರಣವನ್ನೂ ಕೊಟ್ಟರು. ವೇಗ ಕಡಿಮೆ ಇದ್ದಾಗ ಎರಡು ಸ್ಥಿರ ನೆಲೆಗಳು, ವೇಗ ಹೆಚ್ಚಿದಾಗ ಒಂದೇ. ಉಳಿಯುವ ಆ ಒಂದು ನೆಲೆ, ಕನ್ನಡಿಯಲ್ಲಿ ಕಂಡಂತೆ ಒಂದು ಕೈ ಇನ್ನೊಂದರ ಪ್ರತಿಬಿಂಬವಾಗುವ ಸಮಮಿತಿಯ ನೆಲೆ.

ಇನ್ನೊಂದು ಪರೀಕ್ಷೆ: ಬಲಗೈಯಲ್ಲಿ ಮೇಲೆ ಕೆಳಗೆ ನೇರ ಗೆರೆ ಎಳೆಯುತ್ತ, ಅದೇ ಹೊತ್ತಿಗೆ ಎಡಗೈಯಲ್ಲಿ ವೃತ್ತ ಬರೆಯಿರಿ. ಗೆರೆ ಉಬ್ಬುತ್ತದೆ, ವೃತ್ತ ಚಪ್ಪಟೆಯಾಗುತ್ತದೆ, ಎರಡೂ ಅಂಡಾಕಾರಕ್ಕೆ ತಿರುಗುತ್ತವೆ. ಎಡ ಬಲ ಮೆದುಳುಗಳನ್ನು ಬೆಸೆಯುವ ನರಗಳ ದಪ್ಪ ಸೇತುವೆಯನ್ನು ಮೂರ್ಛೆರೋಗದ ಚಿಕಿತ್ಸೆಗಾಗಿ ಕತ್ತರಿಸಿದ ರೋಗಿಗಳನ್ನು ಎಲಿಜಬೆತ್ ಫ್ರಾಂಜ್ ಮತ್ತು ಸಂಗಡಿಗರು 1996ರಲ್ಲಿ ಪರೀಕ್ಷಿಸಿದಾಗ, ಅವರ ಎರಡು ಕೈಗಳು ಎರಡು ಬೇರೆ ಆಕಾರಗಳನ್ನು ಸಲೀಸಾಗಿ ಬರೆದವು. ಅಂದರೆ ಆಕಾರಗಳ ಈ ತಿಕ್ಕಾಟ ನಡೆಯುವುದು ಕೈಗಳಲ್ಲಲ್ಲ, ಮೆದುಳಿನ ಎರಡು ಪಾಲುಗಳ ನಡುವೆ. ಮುಂದೆ 1998ರಲ್ಲಿ ಇದೇ ಫ್ರಾಂಜ್ ಅವರು ರಾಮಚಂದ್ರನ್ ಜೊತೆ ಸೇರಿ ಕೈ ಕಳೆದುಕೊಂಡವರಿಗೆ ಒಂದು ವಿಚಿತ್ರ ಕೆಲಸ ಕೊಟ್ಟರು: ಇರುವ ಕೈಯಲ್ಲಿ ಗೆರೆ ಎಳೆಯಿರಿ, ಮಾಯದ ಕೈಯಲ್ಲಿ ವೃತ್ತ ಬರೆಯಿರಿ. ಮಾಯದ ಕೈ ಸ್ಪಷ್ಟವಾಗಿ ಅಲುಗುವ ಅನುಭವ ಇದ್ದವರಲ್ಲಿ, ಇರುವ ಕೈಯ ಗೆರೆ ನಿಜವಾಗಿಯೂ ಬಾಗಿತು. ಇಲ್ಲದ ಕೈ ಇರುವ ಕೈಯನ್ನು ಎಳೆದಿತ್ತು.

ಕೈಗಳು ಸಮಮಿತಿಯ ಕಡೆಗೇ ಜಾರುವುದರ ಹಿಂದೆ ಏನಿದೆ ಎಂಬ ಪ್ರಶ್ನೆಗೆ ಬಹುಕಾಲ ಕೊಡುತ್ತಿದ್ದ ಉತ್ತರ ಸ್ನಾಯುಗಳದ್ದು. ಎರಡೂ ಕೈಗಳ ಒಂದೇ ಹೆಸರಿನ ಸ್ನಾಯುಗಳಿಗೆ ಒಟ್ಟಿಗೆ ಆಜ್ಞೆ ಕೊಡುವುದು ಮೆದುಳಿಗೆ ಸುಲಭ, ಆದ್ದರಿಂದಲೇ ಸಮಮಿತಿ ಎನ್ನುತ್ತಿದ್ದರು. 2001ರಲ್ಲಿ ಜರ್ಮನಿಯ ಫ್ರಾನ್ಜ್ ಮೆಕ್ಸ್‌ನರ್ ಮತ್ತು ಸಂಗಡಿಗರು ಇದನ್ನು ಅಲುಗಾಡಿಸಿದರು. ಅವರ ಮೊದಲ ಪ್ರಯೋಗ ಮನೆಯಲ್ಲೇ ಮಾಡಬಹುದಾದಷ್ಟು ಸರಳ: ಒಂದು ಅಂಗೈ ಮೇಲೆ, ಇನ್ನೊಂದು ಅಂಗೈ ಕೆಳಗೆ ಮಾಡಿ ಬೆರಳಾಡಿಸಿ. ಈಗ ಸಮಮಿತಿಯಿಂದ ಆಡಿಸಬೇಕಾದರೆ ಎರಡು ಕೈಗಳಲ್ಲಿ ಬೇರೆ ಬೇರೆ ಸ್ನಾಯುಗಳು ದುಡಿಯಬೇಕು. ಹಾಗಿದ್ದರೂ ಬೆರಳುಗಳು ಜಾರಿದ್ದು ಸಮಮಿತಿಯ ಕಡೆಗೇ. ಒಂದೇ ಹೆಸರಿನ ಸ್ನಾಯುಗಳ ಕಡೆಗಲ್ಲ.

ಎರಡನೆಯ ಪ್ರಯೋಗ ಈ ಇಡೀ ಕ್ಷೇತ್ರದಲ್ಲೇ ನನಗೆ ಅತಿ ಸುಂದರವಾಗಿ ಕಾಣುವಂಥದ್ದು. ಮೇಜಿನ ಕೆಳಗೆ ಎರಡು ಹಿಡಿಕೆಗಳು, ಅವುಗಳನ್ನು ತಿರುಗಿಸುವ ಕೈಗಳು ಕಾಣುವುದಿಲ್ಲ. ಮೇಜಿನ ಮೇಲೆ ಎರಡು ಪುಟ್ಟ ಧ್ವಜಗಳು, ಹಿಡಿಕೆ ತಿರುಗಿದಂತೆ ಅವೂ ತಿರುಗುತ್ತವೆ. ಆದರೆ ಒಂದು ಬದಿಗೆ ಗೇರ್ ಜೋಡಿಸಿದೆ. ಎರಡು ಧ್ವಜಗಳು ಒಂದೇ ವೇಗದಲ್ಲಿ ತಿರುಗಬೇಕಾದರೆ ಒಂದು ಕೈ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಇನ್ನೊಂದು ಕೈ ಮೂರು ಸುತ್ತು ಹಾಕಬೇಕು. ನಾಲ್ಕಕ್ಕೆ ಮೂರು! ತಾಳದಲ್ಲಿ ಪಳಗಿದವರೂ ಒಂದು ಕೈಯಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು ಎಂದರೆ ಒಮ್ಮೆ ಉಸಿರು ಬಿಗಿಹಿಡಿಯುತ್ತಾರೆ. ಪ್ರಯೋಗಕ್ಕೆ ಬಂದವರಿಗೆ ಹೇಳಿದ್ದು ಇಷ್ಟೇ: ಕೈ ಮರೆತುಬಿಡಿ, ಧ್ವಜಗಳು ಸಮವಾಗಿ ತಿರುಗುವ ಹಾಗೆ ನೋಡಿಕೊಳ್ಳಿ. ಅವರು ಮಾಡಿದರು. ಬೇರೆ ದಾರಿಯಿಂದ ಹೋದರೆ ಅಸಾಧ್ಯವೇ ಎನ್ನಬಹುದಾದ ಲಯವನ್ನು ಅವರ ಕೈಗಳು, ತಮಗೇ ಗೊತ್ತಿಲ್ಲದೆ, ಹಿಡಿದವು.

ಸ್ನಾಯುಗಳಿಗೆ ಪಾತ್ರವೇ ಇಲ್ಲವೆಂದು ಇದರರ್ಥವಲ್ಲ. ಅವುಗಳ ಪ್ರಭಾವವೂ ಇದೆಯೆಂದು ಆನಂತರದ ಪ್ರಯೋಗಗಳು ತೋರಿಸಿವೆ. ಆದರೆ ತೊಡಕಿನ ದೊಡ್ಡ ಪಾಲು ಕೈಯಲ್ಲಿಲ್ಲ, ನಾವು ಕಣ್ಣಿಗೆ ಕೊಡುವ ಚಿತ್ರದಲ್ಲಿದೆ ಎಂಬುದು ಆಮೇಲೆ ಇನ್ನಷ್ಟು ಗಟ್ಟಿಯಾಯಿತು. ಟೆಕ್ಸಾಸ್‌ನ ಚಾರ್ಲ್ಸ್ ಶೇ, ಅಟ್ಟಿಲಾ ಕೊವಾಕ್ಸ್ ಮೊದಲಾದವರು 2009ರಿಂದ ಈಚೆಗೆ ಮಾಡಿದ ಪ್ರಯೋಗಗಳಲ್ಲಿ ಬಲಗೈ ಚಲಿಸಿದರೆ ಪರದೆಯ ಮೇಲಿನ ಚುಕ್ಕೆ ಅಡ್ಡಡ್ಡ ಸರಿಯುತ್ತದೆ, ಎಡಗೈ ಚಲಿಸಿದರೆ ಮೇಲೆ ಕೆಳಗೆ ಸರಿಯುತ್ತದೆ. ಎರಡು ಕೈಗಳ ಚಲನೆ ಹೀಗೆ ಒಂದೇ ಚುಕ್ಕೆಯಲ್ಲಿ ಸೇರಿಹೋಗುತ್ತದೆ. ಒಂದು ಕೈ ಇನ್ನೊಂದಕ್ಕಿಂತ ಕಾಲು ಆವರ್ತ ಹಿಂದಿರಬೇಕು ಎಂಬ ಕಠಿಣ ಕೆಲಸ ಪರದೆಯ ಮೇಲೆ ಒಂದು ವೃತ್ತವಾಗುತ್ತದೆ. 1857ರಲ್ಲಿ ಫ್ರಾನ್ಸಿನ ಲಿಸಾಜು ಕಂಪನಗಳನ್ನು ಬೆಳಕಿನ ಗೆರೆಯಾಗಿ ಕಾಣಿಸಿದ ರೀತಿ ಇದು, ಆದ್ದರಿಂದ ಈ ಚಿತ್ರಗಳಿಗೆ ಅವರದೇ ಹೆಸರು. ಮೊದಲು ದಿನಗಟ್ಟಲೆ ಅಭ್ಯಾಸ ಬೇಡುತ್ತಿದ್ದ ಹೊಂದಾಣಿಕೆ, ಕೈಗಳನ್ನು ಮುಚ್ಚಿಟ್ಟು ಚುಕ್ಕೆಯನ್ನಷ್ಟೇ ತೋರಿಸಿದಾಗ ಕೆಲವೇ ನಿಮಿಷಗಳಲ್ಲಿ ಬಂತು. ಎರಡು ಕೈಗಳನ್ನು ಒಂದೊಂದಾಗಿ ಕಾಯುವ ಕೆಲಸ ಮೆದುಳಿಗೆ ತಪ್ಪಿತ್ತು. ಅದಕ್ಕೆ ಉಳಿದದ್ದು ಒಂದು ಚುಕ್ಕೆಯನ್ನು ವೃತ್ತದ ಮೇಲೆ ನಡೆಸುವುದು ಮಾತ್ರ.

ಚೆನ್ನೈನ ಆಪರೇಷನ್ ಥಿಯೇಟರುಗಳಲ್ಲಿ ಈ ತತ್ತ್ವ ದಿನವೂ ಕೆಲಸ ಮಾಡುತ್ತಿರುತ್ತದೆ. ಲ್ಯಾಪರೊಸ್ಕೋಪಿ ಮಾಡುವ ಸರ್ಜನ್ ತಮ್ಮ ಕೈಗಳನ್ನು ನೋಡುವುದಿಲ್ಲ, ಪರದೆ ನೋಡುತ್ತಾರೆ. ಉದ್ದನೆಯ ಉಪಕರಣ ಹೊಟ್ಟೆಯ ಗೋಡೆಯಲ್ಲಿನ ರಂಧ್ರವನ್ನೇ ಆಧಾರಬಿಂದುವಾಗಿ ಮಾಡಿಕೊಂಡು ಆಡುವುದರಿಂದ ಹಿಡಿಕೆ ಎಡಕ್ಕೆ ಹೋದರೆ ತುದಿ ಬಲಕ್ಕೆ, ಹಿಡಿಕೆ ಮೇಲೆ ಹೋದರೆ ತುದಿ ಕೆಳಕ್ಕೆ. ಹೊಸದಾಗಿ ಕಲಿಯುವವರು ಮೊದಲು ಒದ್ದಾಡುವುದು ಈ ತಿರುವುಮುರುವಿನಲ್ಲೇ. ಗಂಟೆಗಟ್ಟಲೆ ತರಬೇತಿ ಪೆಟ್ಟಿಗೆಯಲ್ಲಿ ಮಣಿ ಪೋಣಿಸಿ, ಗಂಟು ಹಾಕಿ ಅಭ್ಯಾಸ ಮಾಡಿದ ಮೇಲೆ ಕೈಯ ವಿಚಾರ ಹಿಂದಾಗಿ, ಪರದೆಯ ಮೇಲಿನ ಎರಡು ತುದಿಗಳೇ ಅವರ ಕೈಗಳಾಗುತ್ತವೆ. 1978ರಲ್ಲಿ ಡಾ. ಎಸ್.ಎಸ್. ಬದರೀನಾಥ್ ಸ್ಥಾಪಿಸಿದ ಶಂಕರ ನೇತ್ರಾಲಯದಂಥ ಕಣ್ಣಿನ ಆಸ್ಪತ್ರೆಗಳಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಈಗಿನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಒಂದು ಕೈ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರುತ್ತಿದ್ದರೆ, ಇನ್ನೊಂದು ಕೈ ಬೇರೊಂದು ಚಿಕ್ಕ ಸೀಳಿನಿಂದ ಅದನ್ನು ಹೋಳು ಮಾಡುತ್ತ ಸರಿಸಿ ಕೊಡುತ್ತಿರುತ್ತದೆ. ಒಂದು ಪಾದ ಯಂತ್ರದ ಪೆಡಲ್ ಮೇಲೆ, ಇನ್ನೊಂದು ಸೂಕ್ಷ್ಮದರ್ಶಕದ ಪೆಡಲ್ ಮೇಲೆ. ಎರಡು ಕೈ, ಎರಡು ಕಾಲು, ನಾಲ್ಕು ಬೇರೆ ಕೆಲಸ. ಇವೆಲ್ಲವನ್ನೂ ಹಿಡಿದಿಟ್ಟಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದು ದುಂಡನೆಯ ನೋಟ.

ಇಲ್ಲಿಗೆ ನಿಲ್ಲಿಸಿದರೆ ಕಣ್ಣಿನ ಗುಣಗಾನ ಪೂರ್ತಿಯಾಗುತ್ತದೆ, ವಿಷಯ ಅರ್ಧವೇ ಉಳಿಯುತ್ತದೆ. ಚುಕ್ಕೆಯನ್ನು ನೋಡಿ ನಿಮಿಷಗಳಲ್ಲಿ ಕಲಿತವರ ಎದುರಿನ ಪರದೆಯನ್ನು ಆರಿಸಿದರೆ ಏನಾಗುತ್ತದೆ? ಬಹಳ ಸಲ ಕೈಗಳು ಮೊದಲಿನ ಗೊಂದಲಕ್ಕೇ ಮರಳುತ್ತವೆ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದಲ್ಲಿ ರೆನೊ ರಾನ್ಸ್, ಸ್ಟೆಫಾನ್ ಸ್ವಿನ್ನೆನ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಒಂದು ಹೆಜ್ಜೆ ಮುಂದೆ ಒಯ್ದಿತು. ಎರಡು ಗುಂಪಿಗೂ ಅದೇ ಕಾಲು ಆವರ್ತದ ಕಠಿಣ ಕೆಲಸ. ಒಂದು ಗುಂಪಿಗೆ ಪರದೆಯ ಮೇಲೆ ಚಿತ್ರ, ಇನ್ನೊಂದಕ್ಕೆ ಕಿವಿಯಲ್ಲಿ ಸ್ವರ. ಎರಡೂ ಗುಂಪಿನವರು ಕಲಿತರು. ಸಹಾಯ ತೆಗೆದಾಗ ಚಿತ್ರ ನೋಡಿ ಕಲಿತವರು ಕುಸಿದರು, ಸ್ವರ ಕೇಳಿ ಕಲಿತವರು ಕಲಿತದ್ದನ್ನು ಉಳಿಸಿಕೊಂಡರು. ಮೆದುಳಿನ ಚಿತ್ರಗಳಲ್ಲೂ ವ್ಯತ್ಯಾಸ ಕಂಡಿತು: ಚಿತ್ರದ ಗುಂಪಿನವರ ದೃಷ್ಟಿ ಭಾಗಗಳು ಅಭ್ಯಾಸದ ಕೊನೆಯವರೆಗೂ ಚುರುಕಾಗಿಯೇ ಇದ್ದವು, ಸ್ವರದ ಗುಂಪಿನವರು ಹೊರಗಿನ ಸುದ್ದಿಯ ಮೇಲಿನ ಅವಲಂಬನೆಯನ್ನು ಮೆಲ್ಲಗೆ ಕಳೆದುಕೊಂಡಿದ್ದರು.

ಡಿಸೆಂಬರ್ ಸಂಗೀತ ಋತುವಿನ ಊರಾದ ಚೆನ್ನೈನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಮೃದಂಗದ ಪಾಠ ಶುರುವಾಗುವುದು ತ, ದಿ, ತೊಂ, ನಂ ಎಂಬ ನಾಲ್ಕು ಸೊಲ್ಲುಗಳಿಂದ. ಎಡಗೈಗೆ ರವೆ ಮೆತ್ತಿದ ಗಂಭೀರ ನಾದದ ಮುಖ, ಬಲಗೈಗೆ ಕರಣೆ ಹಾಕಿದ ಮುಖ, ಎರಡಕ್ಕೂ ಬೇರೆ ಬೇರೆ ಬೆರಳಿನ ಕೆಲಸ. ಗುರುಗಳು ಶಿಷ್ಯನಿಗೆ ಕೈ ನೋಡು ಎನ್ನುವುದಕ್ಕಿಂತ ಹೆಚ್ಚಾಗಿ ಬಾಯಲ್ಲಿ ಹೇಳು ಎನ್ನುತ್ತಾರೆ. ತಾಳ ಹಾಕುತ್ತ ಸೊಲ್ಲುಕಟ್ಟನ್ನು ಬಾಯಿಪಾಠ ಒಪ್ಪಿಸಿ, ಆಮೇಲೆ ವಾದ್ಯದ ಮೇಲೆ ಕೈ ಇಡುವುದು. ಬಾಯಲ್ಲಿ ಬರುವ ಸೊಲ್ಲು ಒಂದೇ ಸಾಲು, ಎಡಬಲಗಳ ಭೇದ ಅದರಲ್ಲಿಲ್ಲ. ಪರದೆಯ ಚುಕ್ಕೆ ಕಣ್ಣಿಗೆ ಮಾಡಿಕೊಟ್ಟ ಉಪಕಾರವನ್ನೇ ಸೊಲ್ಲು ಕಿವಿಗೆ ಮಾಡಿಕೊಡುತ್ತದೆ. ಪರದೆಯನ್ನು ಕಛೇರಿಗೆ ಹೊತ್ತೊಯ್ಯಲಾಗದು, ಸೊಲ್ಲು ಮಾತ್ರ ವಾದಕನ ಒಳಗೇ ಇರುತ್ತದೆ.

ವೀಣೆಯಲ್ಲಿ ಹೊಸಬರು ಮಾಡುವ ಮೊದಲ ಕೆಲಸ ಬಗ್ಗಿ ಮೆಟ್ಟಿಲು ನೋಡುವುದು. ಇಪ್ಪತ್ನಾಲ್ಕು ಮೆಟ್ಟಿಲುಗಳಲ್ಲಿ ಎಡಗೈ ಬೆರಳು ಎಲ್ಲಿದೆ ಎಂದು ಕಣ್ಣು ಹುಡುಕುತ್ತಿದ್ದರೆ ಬಲಗೈಯ ಮೀಟು ತಡವಾಗುತ್ತದೆ, ಕಿರುಬೆರಳು ತಾಳದ ತಂತಿಯನ್ನು ಮರೆಯುತ್ತದೆ. ನೋಟದ ನೆರವು ಮೊದಲ ದಿನಗಳಲ್ಲಿ ಬೇಕು, ನಿಜ. ಗಮಕ ಶುರುವಾದ ಮೇಲೆ ಅದರ ಆಟ ಮುಗಿಯಿತು: ಒಂದೇ ಮೆಟ್ಟಿಲಿನ ಮೇಲೆ ತಂತಿ ಎಳೆದು ಮೇಲಿನ ಸ್ವರಗಳನ್ನು ತೆಗೆಯುವಾಗ ಎಷ್ಟು ಎಳೆಯಬೇಕೆಂದು ಯಾವ ಮೆಟ್ಟಿಲೂ ಹೇಳುವುದಿಲ್ಲ. ಮೈಸೂರಿನ ವಿ. ದೊರೆಸ್ವಾಮಿ ಅಯ್ಯಂಗಾರರ ನುಡಿಸಾಣಿಕೆಯಲ್ಲಿ ಆ ಗಮಕಗಳ ಹಿತಮಿತವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಟೀಲಿನಲ್ಲಿ ಮೆಟ್ಟಿಲೂ ಇಲ್ಲ. ಚೆನ್ನೈನ ಎಂ. ಚಂದ್ರಶೇಖರನ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ತಾಯಿಯಿಂದ ಪಿಟೀಲು ಕಲಿತು, 2005ರಲ್ಲಿ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಯಾದರು. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಪುಟ್ಟರಾಜರು ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಅಲ್ಲಿ ತಯಾರಾದ ಎಷ್ಟೋ ಅಂಧ ವಾದಕರ ಎಡಗೈ ಬಲಗೈ ಹೊಂದಾಣಿಕೆಯಲ್ಲಿ ಕಣ್ಣಿಗೆ ಪಾಲೇ ಇಲ್ಲ. ಕಣ್ಣಿನ ಅಧಿಕಾರದ ಬಗ್ಗೆ ಮಾತನಾಡುವ ಯಾರೂ ಗದುಗನ್ನು ಬಿಟ್ಟು ಮಾತನಾಡಬಾರದು.

ಈಗ ಚೆನ್ನೈನ ಗುರುಗಳ ಪಾಠ ಅಮೆರಿಕ, ಸಿಂಗಪುರದ ಕನ್ನಡದ ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಗುರುಗಳ ಕೈಯನ್ನು ಪರದೆಯಲ್ಲಿ ನೋಡಿ ನೋಡಿ ಅನುಕರಿಸುವುದು ಬೇಗ ಫಲ ಕೊಡುತ್ತದೆ. ಇನ್ನೊಂದು ಮೂಲೆಯಲ್ಲಿ ಮಗುವಿಗೆ ತನ್ನದೇ ಚಿತ್ರ ಕಾಣುತ್ತಿರುತ್ತದೆ, ಅದೂ ಕನ್ನಡಿಯಂತೆ ಎಡಬಲ ತಿರುಗಿ. ಪಾಠದ ಸ್ವಲ್ಪ ಹೊತ್ತಾದರೂ ಕ್ಯಾಮೆರಾ ಬಿಟ್ಟು ಧ್ವನಿಯನ್ನಷ್ಟೇ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ. ಬೇಗ ಬಂದದ್ದೆಲ್ಲ 'ಬಂತು' ಎಂದಲ್ಲ ಎನ್ನುವುದನ್ನು ಲುವೆನ್‌ನ ಪ್ರಯೋಗ ತೋರಿಸಿದೆ.

ತಮಿಳುನಾಡಿನ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಅಲ್ಲಿ ಈ ಇನ್‌ಸ್ಟಿಟ್ಯೂಟುಗಳು ಉಳಿದಿವೆ, ಸರಕಾರಿ ಪರೀಕ್ಷೆಗೆ ಹುಡುಗ ಹುಡುಗಿಯರು ಇಂದಿಗೂ ಕೂರುತ್ತಾರೆ. ಮೊದಲ ದಿನದಿಂದಲೇ ಕಟ್ಟಪ್ಪಣೆ: ಕಣ್ಣು ಹಾಳೆಯ ಮೇಲೆ, ಕೀಗಳ ಮೇಲಲ್ಲ. ಚೆನ್ನಾಗಿ ಟೈಪ್ ಮಾಡಬಲ್ಲವರ ಮೇಲೆ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ 2009ರಲ್ಲಿ ಒಂದು ಪ್ರಯೋಗ ಮಾಡಿದರು. ಪದದಲ್ಲಿ ಎಡಗೈಗೆ ಬರುವ ಅಕ್ಷರಗಳನ್ನು ಮಾತ್ರ, ಅಥವಾ ಬಲಗೈಗೆ ಬರುವವನ್ನು ಮಾತ್ರ ಒತ್ತಿ ಎಂದರು. ಕೆಲಸ ಅರ್ಧವಾಯಿತು, ಆದರೂ ವೇಗ ಬಿದ್ದುಹೋಯಿತು, ತಪ್ಪುಗಳು ಹೆಚ್ಚಿದವು. ಯಾವ ಕೈ ಏನು ಮಾಡುತ್ತಿದೆ ಎಂದು ಗಮನಿಸಿದ್ದೇ ತಡ, ಎರಡೂ ಕೈ ತಡವರಿಸಿದವು.

ಮತ್ತೆ ಕನ್ನಡಿಗೆ ಬರುತ್ತೇನೆ, ಏಕೆಂದರೆ ಈ ವಿಜ್ಞಾನದಿಂದ ಅತಿ ಹೆಚ್ಚು ಪ್ರಯೋಜನ ಆಗಬೇಕಾದವರು ಸಂಗೀತಗಾರರೂ ಅಲ್ಲ, ಸರ್ಜನ್‌ಗಳೂ ಅಲ್ಲ. ಲಕ್ವ ಹೊಡೆದು ಒಂದು ಕೈ ಸೋತುಹೋದವರು. ಮೊದಲ ವಾರಗಳಲ್ಲಿ ಕೈ ಏಳದಿದ್ದರೆ ಮನೆಯವರೂ ರೋಗಿಯೂ ಆ ಕೈಯ ಆಸೆ ಬಿಟ್ಟುಬಿಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯ! ಊಟ, ಸ್ನಾನ, ಬಟ್ಟೆ ಎಲ್ಲವೂ ಒಳ್ಳೆಯ ಕೈಯೊಂದರಲ್ಲೇ ನಡೆದು, ಸೋತ ಕೈ ಬಳಕೆಯಿಲ್ಲದೆ ಇನ್ನಷ್ಟು ಸೋಲುತ್ತದೆ. ಇದನ್ನು ತಡೆಯಲು ಎಡ್ವರ್ಡ್ ಟಾಬ್ ಅವರು ರೂಪಿಸಿದ ಚಿಕಿತ್ಸೆಯಲ್ಲಿ ಒಳ್ಳೆಯ ಕೈಯನ್ನೇ ಕಟ್ಟಿಹಾಕುತ್ತಾರೆ. ಅದು ಫಲ ಕೊಡುತ್ತದೆ, ಆದರೆ ಸೋತ ಕೈಯಲ್ಲಿ ಸ್ವಲ್ಪವಾದರೂ ಚಲನೆ ಉಳಿದಿರಬೇಕು. ಏನೂ ಉಳಿಯದವರಿಗೆ ಕನ್ನಡಿ ದಾರಿ ತೆರೆಯುತ್ತದೆ. ಅದು ಒಳ್ಳೆಯ ಕೈಯನ್ನು ಕಟ್ಟುವುದಿಲ್ಲ, ಅದನ್ನೇ ಸೋತ ಕೈಗೆ ಗುರುವಾಗಿ ನಿಲ್ಲಿಸುತ್ತದೆ. 1999ರಲ್ಲಿ ಎರಿಕ್ ಆಲ್ಟ್‌ಶುಲರ್, ರಾಮಚಂದ್ರನ್ ಮೊದಲಾದವರು ಲಕ್ವದ 9 ಮಂದಿ ರೋಗಿಗಳ ಮೇಲೆ ಇದನ್ನು ಮೊದಲ ಬಾರಿ ಪರೀಕ್ಷಿಸಿದರು. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ 62 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಕನ್ನಡಿ ಚಿಕಿತ್ಸೆ ಚಲನೆಯನ್ನೂ ದಿನನಿತ್ಯದ ಕೆಲಸಗಳ ಸಾಮರ್ಥ್ಯವನ್ನೂ ಸುಧಾರಿಸುತ್ತದೆ ಎಂಬುದಕ್ಕೆ ಮಧ್ಯಮ ಮಟ್ಟದ ಪುರಾವೆಯಿದೆ ಎಂದಿತು. ಪವಾಡವಲ್ಲ, ಆದರೆ ಗಾಜಿನ ಅಂಗಡಿಯಲ್ಲಿ ಸಿಗುವ ಒಂದು ಕನ್ನಡಿಯಿಂದ ಇಷ್ಟು ಸಿಗುವುದಾದರೆ ಅದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಹೇಳಿಕೊಡಬೇಕು.

ಆ ಅಧ್ಯಯನಗಳಲ್ಲಿ ಸರಾಸರಿ ಅಭ್ಯಾಸ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ, 4 ವಾರ. ಮೇಜಿನ ಮೇಲೆ, ಎದೆಯ ನಡುವಿಗೆ ಸರಿಯಾಗಿ ಕನ್ನಡಿ ನಿಲ್ಲಬೇಕು. ಹೊಳೆಯುವ ಮುಖ ಒಳ್ಳೆಯ ಕೈಯ ಕಡೆಗೆ, ಸೋತ ಕೈ ಹಿಂದೆ ಮರೆಯಾಗಿ. ಒಳ್ಳೆಯ ಕೈ ನಿಧಾನವಾಗಿ ಬೆರಳು ಬಿಡಿಸಬೇಕು, ಮಣಿಕಟ್ಟು ತಿರುಗಿಸಬೇಕು, ಕಣ್ಣು ಕನ್ನಡಿಯನ್ನು ಬಿಟ್ಟು ಕದಲಬಾರದು. ಹಿಂದಿನ ಕೈಯೂ ಅದನ್ನೇ ಮಾಡಲು ಯತ್ನಿಸುತ್ತಿರಬೇಕು, ಆಗದಿದ್ದರೂ ಸರಿ. ಕೆಲವರಿಗೆ ತಲೆ ಸುತ್ತುತ್ತದೆ, ಮನಸ್ಸು ಕಲಕುತ್ತದೆ, ಆದ್ದರಿಂದ ಮೊದಲ ಸಲ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿರುವುದು ಮೇಲು. ಒಳ್ಳೆಯ ಕೈಯಲ್ಲಿ ಉಂಗುರ, ವಾಚು ಇರಬಾರದು ಎನ್ನುತ್ತಾರೆ. ಸೋತ ಕೈಯಲ್ಲಿ ಇಲ್ಲದ ಉಂಗುರ ಕನ್ನಡಿಯಲ್ಲಿ ಕಂಡರೆ ಅದು ತನ್ನ ಕೈ ಎಂದು ಮೆದುಳು ಒಪ್ಪುವುದು ಕಷ್ಟ. ನಮ್ಮ ಹಿರಿಯ ಹೆಂಗಸರಿಗೆ ಬಳೆ ತೆಗೆಯಿರಿ ಎಂದು ಹೇಳುವುದು ಅಷ್ಟು ಸುಲಭವಲ್ಲ, ಹೇಳಬೇಕಾಗಿಯೂ ಇಲ್ಲ. ಎರಡೂ ಕೈಗೆ ಒಂದೇ ಬಣ್ಣದ, ಅಷ್ಟೇ ಸಂಖ್ಯೆಯ ಬಳೆ ತೊಡಿಸಿದರೆ ಕನ್ನಡಿಯ ಕೆಲಸ ಕೆಡುವುದಿಲ್ಲ.

ಚಲನೆ ಒಂದಿಷ್ಟು ಮರಳಿದ ಮೇಲೆ ಕನ್ನಡಿಯನ್ನು ಮೆಲ್ಲಗೆ ಬದಿಗೆ ಸರಿಸಿ, ಎರಡೂ ಕೈ ಬೇಡುವ ನಿಜವಾದ ಕೆಲಸಗಳನ್ನು ಕೊಡಬೇಕು. ಯಾವ ಕ್ರಮದಲ್ಲಿ ಎಂಬುದಕ್ಕೂ ಮೇಲಿನ ಪ್ರಯೋಗಗಳೇ ದಾರಿ ತೋರಿಸುತ್ತವೆ ಎನ್ನಿಸುತ್ತದೆ. ಮೊದಲು ಚಪಾತಿ ಲಟ್ಟಿಸುವುದು, ಲಟ್ಟಣಿಗೆಯ ಮೇಲೆ ಎರಡೂ ಕೈ ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬರುತ್ತವೆ. ಆಮೇಲೆ ಒದ್ದೆ ಟವೆಲ್ ಹಿಂಡುವುದು, ಒಂದು ಕೈ ಅತ್ತ ತಿರುಗಿದರೆ ಇನ್ನೊಂದು ಇತ್ತ. ಅಂಗಿಯ ಗುಂಡಿ ಹಾಕುವುದು, ಹೂ ಕಟ್ಟುವುದು ಕೊನೆಗೆ: ಅಲ್ಲಿ ಒಂದು ಕೈ ಹಿಡಿದಿರಬೇಕು, ಇನ್ನೊಂದು ದುಡಿಯಬೇಕು.